ಹಾಡಿನ ಬಾಲಕ್ಕೆ ನನ್ನ ನಂಬರು

ಬಮಾಕೊ ಪೇಟೆಯಲ್ಲಿ, ಮೊಪೆಡ್ ರಿಪೇರಿಯವನ ಪಕ್ಕ,
ಹರಿದ ಕೊಡೆಯ ಕೆಳಗೆ ನನ್ನ ಅಂಗಡಿ.
ಒಂದು ಲ್ಯಾಪ್‌ಟಾಪು, ಅದರ ‘ಎನ್’ ಕೀಲಿ ಉದುರಿ ಎರಡು ವರ್ಷ,
ಒಂದು ಕಾರ್ಡ್ ರೀಡರು, ಎರಡು ಸ್ಟೂಲು,
ಅರವತ್ತು ಸಾವಿರ ಹಾಡು.
ಒಂದನ್ನೂ ನಾನು ಕೊಂಡಿದ್ದಲ್ಲ.

ನೂರು ಫ್ರಾಂಕಿಗೆ ಹತ್ತು.
ಉಗುರಿನಷ್ಟು ಮೆಮೊರಿ ಕಾರ್ಡು ಇದ್ದರೆ ಸಾಕು,
ಮದುವೆಯದು ಬೇಕೆ, ಬೇಟೆಗಾರರದು ಬೇಕೆ,
ಸವತಿಯನ್ನು ಬೈಯುವುದು ಬೇಕೆ, ಎಲ್ಲ ಇದೆ.
ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.
ನೀರು ಸೇದುವವರು ಬಾವಿ ತೋಡಿದವನ ಹೆಸರು ಕೇಳುತ್ತಾರಾ
ಎನ್ನುತ್ತಿದ್ದೆ ನಾನೇ,
ಕೇಳದವರಿಗೂ.

ಪ್ರತಿ ಹಾಡಿನ ಹೆಸರಿನ ಬಾಲಕ್ಕೆ
ನನ್ನ ಫೋನ್ ನಂಬರು ಅಂಟಿಸುತ್ತೇನೆ.
ಕದ್ದ ಕುರಿಗೂ ಕಿವಿಯಲ್ಲೊಂದು ಗುರುತು ಬೇಕು,
ಇಲ್ಲವಾದರೆ ಪಕ್ಕದ ಬೀದಿಯ ಕಳ್ಳರು ಸುಮ್ಮನಿರುತ್ತಾರಾ?

ರಂಜಾನ್ ಮುಗಿದ ವಾರ, ಕರೆಂಟು ಹೋದ ಮಧ್ಯಾಹ್ನ,
ಗಂಜಿ ಹಾಕಿ ಬಡಿದು ಮಿಂಚಿಸಿದ ಹಳದಿ ನಿಲುವಂಗಿಯಲ್ಲಿ
ಒಬ್ಬ ಮುದುಕಿ ಬಂದು ಸ್ಟೂಲಿನ ಮೇಲೆ ಕೂತಳು.
ಕೈಯಲ್ಲಿ ಮೊಮ್ಮಗಳ ಫೋನು.
‘ಒಂದು ಹಾಡು ಬೇಕಿತ್ತು.
ಹೆಸರೇನಿಟ್ಟಿದ್ದಾರೋ, ನಡುವೆ ಒಂದು ಮೇಕೆ ಕೂಗುತ್ತದೆ.’

ಆ ಹಾಡು ಯಾರಿಗೆ ಗೊತ್ತಿಲ್ಲ!
ಯಾರದೋ ಮಗುವಿಗೆ ಹೆಸರಿಟ್ಟ ದಿನ
ಯಾರೋ ಫೋನಿನಲ್ಲಿ ಹಿಡಿದದ್ದು.
ಈ ವರ್ಷದ ನನ್ನ ಬಾಡಿಗೆಯೆಲ್ಲ ಅದೇ ಕಟ್ಟಿದ್ದು.
ಹನ್ನೊಂದು ಪರ್ಸೆಂಟು ಬ್ಯಾಟರಿಯಲ್ಲಿ ಹಾಕಿಕೊಟ್ಟೆ.
ಹತ್ತು ಫ್ರಾಂಕಿನ ನಾಣ್ಯ ಕೊಟ್ಟಳು. ತಗೊಂಡೆ.

ಫೋನು ಕಿವಿಗಿಟ್ಟು ಕೇಳಿದಳು. ಮೇಕೆ ಬಂದಾಗ ನಕ್ಕಳು.
‘ಆವತ್ತು ನನಗೆ ನೆಗಡಿ,’ ಅಂದಳು,
‘ಇಲ್ಲಿ, ಇಲ್ಲಿ ನೋಡು, ಉಸಿರು ಸಾಲಲಿಲ್ಲ.’

ನಾಣ್ಯ ಇನ್ನೂ ನನ್ನ ಅಂಗೈಯಲ್ಲಿತ್ತು.

‘ಹೆಸರಿನ ಕೊನೆಗೆ ಇದೆಯಲ್ಲ, ಈ ನಂಬರು ಯಾರದು?’

ತಿಂಗಳಿಗೆ ಮೂರೋ ನಾಲ್ಕೋ ಬರುತ್ತಿದ್ದವು ಕರೆಗಳು,
ಸೆಗುವಿನಿಂದ, ಕಾಯೆಸ್‌ನಿಂದ, ಒಮ್ಮೆ ಪ್ಯಾರಿಸ್ಸಿನಿಂದ:
ಮೇಕೆ ಹಾಡಿನ ಅಮ್ಮ ಇದ್ದಾರಾ,
ಮಗಳ ಮದುವೆಗೆ ಬರುತ್ತಾರಾ, ಎಷ್ಟು ಕೊಡಬೇಕು?
ರಾಂಗ್ ನಂಬರು ಎಂದು ಇಟ್ಟುಬಿಡುತ್ತಿದ್ದೆ.
ಆ ಹಾಡಿನ ವಿಷಯದಲ್ಲಿ ನಾನಾಡಿದ ನಿಜ ಅದೊಂದೇ.

ಬಾವಿಯ ಮಾತು ನಾಲಿಗೆವರೆಗೆ ಬಂತು, ಹೊರಡಲಿಲ್ಲ.

ಅವಳು ಬೈಯಲಿಲ್ಲ. ಮನೆತನ ಕೇಳಿದಳು.
ಸಮಾಕೆ, ಅಂದೆ.
ಎದ್ದು ನಿಂತಳು. ‘ಆನೆ!’ ಅಂದಳು,
ಮೊಪೆಡ್ ರಿಪೇರಿಯವನು ಸ್ಪ್ಯಾನರ್ ಕೆಳಗಿಟ್ಟ.
ಬರಗಾಲದಲ್ಲಿ ಕಣಜ ತೆರೆದ ಸಮಾಕೆ,
ಹಾಡಿದವಳಿಗೆ ಏರಿದ ಕುದುರೆಯನ್ನೇ ಇಳಿದುಕೊಟ್ಟ ಸಮಾಕೆ,
ನನ್ನ ಅಜ್ಜ, ಅಜ್ಜನ ಅಜ್ಜ,
ನಾನು ಕೇಳಿರದ ಹೆಸರುಗಳು ಒಂದೊಂದೇ ಬಂದು
ಹರಿದ ಕೊಡೆಯ ಕೆಳಗೆ ಒತ್ತಿಕೊಂಡು ನಿಂತವು.

ಎದುರು ನಿಂತು ಹಾಡಿದ್ದನ್ನು ಕೇಳಿದವನು ಕೊಡಬೇಕು.
ಅದು ನಮ್ಮಲ್ಲಿ ಕಾನೂನಲ್ಲ, ಕಾನೂನು ಸಡಿಲ.
ಜೇಬು ಜಾಡಿಸಿದೆ: ಎರಡು ಸಾವಿರದ ಏಳುನೂರು,
ಮೇಲೆ ಅವಳದೇ ಹತ್ತು.
ಎಣಿಸಿ, ಹತ್ತನ್ನು ಮಾತ್ರ ವಾಪಸ್ಸು ಕೊಟ್ಟಳು.
‘ಇದು ನಾನು ಕೊಂಡದ್ದಕ್ಕೆ. ಇಟ್ಟುಕೋ.’

ಹೋಗುವಾಗ ಮೊಮ್ಮಗಳ ನಂಬರು ಬರೆಸಿದಳು,
ತನ್ನ ಹೆಸರನ್ನೂ: ನ್ಯಾಗಲೆನ್ ಕಮಿಸ್ಸೊಕೊ.

ನಾಲ್ಕಕ್ಕೆ ಕರೆಂಟು ಬಂತು.
ಹಾಡಿಗೆ ಅವಳ ಹೆಸರು ಹಾಕಲು ಕೂತರೆ
ಮೊದಲ ಅಕ್ಷರದ ಕೀಲಿಯೇ ಇಲ್ಲ.
ಬೇರೊಂದು ಹಾಡಿನ ಹೆಸರಿನಿಂದ
ಒಂದು ‘ಎನ್’ ಕದ್ದು ತಂದು ಅಂಟಿಸಿದೆ.
ನನ್ನ ಬಾಲ ಕತ್ತರಿಸಿ ಅವಳದನ್ನು ಜೋಡಿಸಿದೆ.
ಆದರೆ ಆಗಲೇ ಹೋದವು? ಯಾವ್ಯಾವ ಜೇಬಿನಲ್ಲಿ,
ಯಾವ ಮರುಭೂಮಿಯ ಲಾರಿಯಲ್ಲಿ, ನನ್ನ ನಂಬರು ಹೊತ್ತು
ಆ ಮೇಕೆ ಕೂಗುತ್ತಿದೆಯೋ.

ರಾತ್ರಿ ಸಿಕಾಸೊದಿಂದ ಒಂದು ಕರೆ.
ಒಂದೊಂದೇ ಅಂಕಿ ಬಿಡಿಸಿ ಅವಳ ನಂಬರು ಹೇಳಿದೆ.
‘ದೇವರು ಒಳ್ಳೆಯದು ಮಾಡಲಿ. ನೀವು ಅವರ ಮಗನಾ?’
ಅಲ್ಲ, ಅಂದೆ.
‘ಮತ್ತೆ ಯಾರು?’
ಪಕ್ಕದಲ್ಲಿ ಮೊಪೆಡ್ಡೊಂದು ಗುಡುಗಿತು.
ಕೇಳಿಸದವನಂತೆ
ನಂಬರನ್ನೇ ಇನ್ನೊಮ್ಮೆ ಹೇಳಿದೆ.